ಬಾಲ್ಕನಿಯ ಬಸಳೆ

ಡೊಂಬಿವಿಲಿ, ಕಲ್ಯಾಣ, ಥಾಣೆ, ನವಿ ಮುಂಬಯಿಯ ಫ್ಲ್ಯಾಟುಗಳಲ್ಲಿರುವ ನಮ್ಮ ಕರಾವಳಿಯವರು ಬಾಲ್ಕನಿಯಲ್ಲಿ ಏನು ಬೆಳೆಯಲಿ ಎಂದು ಕೇಳಿದರೆ, ನಾನು ಮೊದಲು ಹೇಳುವುದು ಬಸಳೆ. ಊರಿಂದ ತಂದ ಗೇಣುದ್ದದ ದಂಟು ಸಾಕು. ಜೂನ್ ಮಳೆಗೆ ಊರಿದರೆ ಬೇರು ಬಿಟ್ಟು ಗ್ರಿಲ್ ತುಂಬ ಹಬ್ಬುತ್ತದೆ. ಇಲ್ಲಿನ ಮಳೆ, ಸೆಕೆ ಎರಡೂ ಉಡುಪಿ, ಮಂಗಳೂರಿನ ಬಗೆಯವೇ. ಬಸಳೆಗೆ ಇದು ಪರವೂರಲ್ಲ. ಬಿಸಿಲು ಕಡಿಮೆ ಬೀಳುವ ಮೂಲೆಯಲ್ಲಿ ಕೆಸು ಇಡಿ, ಮಳೆಗಾಲದ ಆಟಿ ತಿಂಗಳಿಗೆ ಅದರ ಎಲೆಯ ಪತ್ರೊಡೆ ಆದೀತು. ಟೊಮೆಟೊ, ಬದನೆಗೆ ಮಾತ್ರ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ ನೆಡಿ. ಹಣ್ಣಿನ ಆಸೆಯಿದ್ದರೆ ದೊಡ್ಡ ಡ್ರಮ್ಮಿನಲ್ಲಿ ಒಂದು ನಿಂಬೆ ಗಿಡ. ವಾಶಿಯ ಮಾರುಕಟ್ಟೆಯಲ್ಲಿ ಎಲ್ಲವೂ ಸಿಗುತ್ತದೆ, ನಿಜ. ಆದರೆ ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಅಜ್ಜಿಯ ಹಿತ್ತಲನ್ನು ಮುಟ್ಟಿ ನೋಡಲೂ ಬೇಕಲ್ಲ? ಬಸಳೆಯ ದಂಟನ್ನು ಅವರ ಕೈಯಿಂದಲೇ ಊರಿಸಿ.