ದ್ರೋಹಿ: ಒಂದು ಪದದ ಜಾತಕ



ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ನಂಬಿಸಿ ಕೈಕೊಟ್ಟವನನ್ನು ಬೈಯಲು ‘ಉಂಡ ಮನೆಗೆ ಎರಡು ಬಗೆದ’ ಎಂದರೆ ಸಾಕು. ಭಾಷಣಕ್ಕೂ ಪತ್ರಿಕೆಗೂ ಮಾತ್ರ ‘ದ್ರೋಹಿ’ಯೇ ಬೇಕು.

ಈ ಪದ ಸಂಸ್ಕೃತದ್ದು. ‘ದ್ರುಹ್’ ಧಾತುವಿಗೆ ಕೇಡು ಬಯಸು ಎಂದರ್ಥ. ಪ್ರಾಚೀನ ಇರಾನಿನ ಅವೆಸ್ತಾ ಭಾಷೆಯಲ್ಲಿ ಇದರ ದಾಯಾದಿ ‘ದ್ರುಜ್’. ಅಲ್ಲಿ ಅದು ಸುಳ್ಳು. ಯಾರ ಮೇಲೆ ದ್ರೋಹವೋ ಅವರಿಗೆ ಚತುರ್ಥಿ ವಿಭಕ್ತಿ ಹತ್ತಬೇಕೆಂದು ಪಾಣಿನಿಯ ಸೂತ್ರ. ಕನ್ನಡವೂ ಹಾಗೆಯೇ: ದೇಶಕ್ಕೆ ದ್ರೋಹ, ಗೆಳೆಯನಿಗೆ ದ್ರೋಹ. ಆದರೆ ಕನ್ನಡಿಗ ದ್ರೋಹವನ್ನು ‘ಮಾಡು’ವುದಷ್ಟೇ ಅಲ್ಲ, ‘ಬಗೆ’ಯುತ್ತಾನೆ. ಬಗೆ ಎಂದರೆ ಮನಸ್ಸು. ಕೈಗಿಂತ ಮೊದಲು ಮನಸ್ಸು ಕೆಡುತ್ತದೆ ಎಂಬ ತಿಳಿವಳಿಕೆ ಈ ಕ್ರಿಯಾಪದದಲ್ಲೇ ಇದೆ.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು. ಘರಟ್ಟವೆಂದರೆ ಬೀಸುವ ಕಲ್ಲು. ದ್ರೋಹಿಗಳನ್ನು ಹಿಟ್ಟು ಮಾಡುವವನು! ಅವನ ಮಗ ಬೊಪ್ಪ 1133ರಲ್ಲಿ ಹಳೇಬೀಡಿನಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ದ್ರೋಹಘರಟ್ಟ ಜಿನಾಲಯವೆಂದೇ ಹೆಸರು. ಜಿನಾಲಯಕ್ಕೆ ಇಂಥ ಹೆಸರೇ ಎಂದು ಅಚ್ಚರಿಪಡಬಹುದು. ಆ ಕಾಲದಲ್ಲಿ ಇದರ ವಿರುದ್ಧ ಪದ ‘ಜೋಳವಾಳಿ’, ಅಂದರೆ ಉಂಡ ಅನ್ನದ ಋಣಕ್ಕಾಗಿ ಒಡೆಯನಿಗೆ ಪ್ರಾಣ ಕೊಡುವ ನಿಷ್ಠೆ. ಹಳ್ಳಿಯ ‘ಉಂಡ ಮನೆ’ ಇದಕ್ಕೆ ದೂರದ್ದೇನಲ್ಲ.

ವ್ಯಾಕರಣಕ್ಕೆ ಬಂದರೆ, ಸಂಸ್ಕೃತದ ‘ದ್ರೋಹೀ’ ಕನ್ನಡದಲ್ಲಿ ಹ್ರಸ್ವವಾಯಿತು. ಅವನೂ ದ್ರೋಹಿ, ಅವಳೂ ದ್ರೋಹಿ. ‘ದ್ರೋಹಿಣಿ’ ಎಂದು ಯಾರೂ ಬೈಯುವುದಿಲ್ಲ. ಬಹುವಚನ ದ್ರೋಹಿಗಳು. ಮುಖ್ಯವಾದದ್ದು ಕೊನೆಯ ‘ಇ’. ಈ ಪ್ರತ್ಯಯ ಸ್ವಭಾವವನ್ನು ಹೇಳುತ್ತದೆ. ‘ದ್ರೋಹ ಬಗೆದವನು’ ಎಂದರೆ ಒಂದು ಕೃತ್ಯದ ಆರೋಪ. ಸಾಕ್ಷಿ ಕೇಳಬಹುದು, ಅಲ್ಲಗಳೆಯಬಹುದು. ‘ದ್ರೋಹಿ’ ಎಂದರೆ ಮನುಷ್ಯನ ಹುಟ್ಟುಗುಣದ ಮೇಲೇ ತೀರ್ಪು. ಊರಿನಲ್ಲಿ ಒಮ್ಮೆ ಈ ಹೆಸರು ಅಂಟಿದವನಿಗೆ ಅದನ್ನು ತೊಳೆದುಕೊಳ್ಳುವ ದಾರಿಯೇ ಇಲ್ಲ.

ಕಾನೂನಿನಲ್ಲಿ ಈ ವ್ಯತ್ಯಾಸಕ್ಕೆ ಬೆಲೆ ಹೆಚ್ಚು. ಬ್ರಿಟಿಷರು 1870ರಲ್ಲಿ ಸೇರಿಸಿದ ಭಾರತೀಯ ದಂಡ ಸಂಹಿತೆಯ 124ಎ ಕಲಂ ಕನ್ನಡದಲ್ಲಿ ರಾಜದ್ರೋಹವಾಯಿತು. ರಾಜರು ಹೋದ ಮೇಲೆ ಪತ್ರಿಕೆಗಳು ಅದನ್ನೇ ‘ದೇಶದ್ರೋಹ’ವೆಂದು ಬರೆದವು, ಸರ್ಕಾರ ಮತ್ತು ದೇಶ ಒಂದೇ ಸಮಾಸದೊಳಗೆ ಕಲಸಿಹೋದವು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಕಲಂಗೆ ತಡೆ ಹಾಕಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅದರ 152ನೇ ಕಲಂ ದೇಶದ ಸಾರ್ವಭೌಮತೆಗೆ ಅಪಾಯ ತರುವ ಕೃತ್ಯಗಳ ಮಾತಾಡುತ್ತದೆ. ಕೃತ್ಯ ಸಾಬೀತಾಗುವ ಮೊದಲೇ ಮನುಷ್ಯನಿಗೆ ‘ದ್ರೋಹಿ’ ಎಂದು ಹೆಸರಿಡುವುದು ತಲೆಬರಹಗಳಲ್ಲಿ ಮಾತ್ರ ನಿಂತಿಲ್ಲ.