ಮೈಸೂರು ಉಳಿಸಿಕೊಟ್ಟ ಪಿಯಾನೊ



ಲೆಕ್ಕಪರಿಶೋಧಕನಾದ ನಾನು ಇಂದು ಒಂದು ಖರ್ಚಿನ ಕಥೆ ಹೇಳುತ್ತೇನೆ. ನಿಕೊಲಾಯ್ ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಸಂಗೀತಕಾರ. ಕೊನೆಗಾಲದಲ್ಲಿ ಲಂಡನ್ನಿನಲ್ಲಿ ಪರದೇಶಿ, ಹೃದ್ರೋಗ ಬೇರೆ. ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಎಚ್‌ಎಂವಿ ಧ್ವನಿಮುದ್ರಿಸಲು ಹಣ ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. 1947ರಲ್ಲಿ ಮುದ್ರಣ ಶುರುವಾದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದರು, 1951ರಲ್ಲಿ ತೀರಿಕೊಂಡರು.

ದುಬೈಯಿಂದ ಅಬುಧಾಬಿಗೆ ಹೋಗುವಾಗ ಕಾರಿನಲ್ಲಿ ಹೋಲಿಸಿ ಕೇಳಿ. 'ಸ್ಕಾಜ್ಕಿ', ಅಂದರೆ ಕಥೆಗಳು, ಪಿಯಾನೊ ಒಂದಕ್ಕೇ ಬರೆದ ಪುಟ್ಟ ರಚನೆಗಳು. ಹೇಮಿಷ್ ಮಿಲ್ನ್ 2007ರಲ್ಲಿ ಹೊರತಂದ ಮುದ್ರಣದಲ್ಲಿ ಸ್ವರ ಸ್ವರವೂ ಸ್ಪಷ್ಟ. ಮೆಟ್ನರ್ ತಾವೇ ನುಡಿಸಿದ್ದರಲ್ಲಿ ಹಳೇ ಪ್ಲೇಟಿನ ಕರಕರ. ಆದರೂ ದುಃಖದ ಜಾಗದಲ್ಲೂ ಅವರು ಲಯ ಸಡಿಲಿಸುವುದಿಲ್ಲ. ಬರೆದವರ ಮನಸ್ಸಿನ ನಡೆ ಅದು. ಇಂಥ ಮುದ್ರಣಗಳಿಲ್ಲದಿದ್ದರೆ ತಾಳೆ ನೋಡಲು ಮೂಲ ವೋಚರೇ ಇರುತ್ತಿರಲಿಲ್ಲ.

ಈಗ ನಮ್ಮ ಸಂಘಗಳ ಲೆಕ್ಕಪತ್ರ ತೆರೆಯಿರಿ. ವೇದಿಕೆ, ದೀಪ, ಊಟ ಇವೆ. ಅವು ಆ ರಾತ್ರಿಗೇ ಮುಗಿಯುತ್ತವೆ. ಧ್ವನಿಮುದ್ರಣಕ್ಕೂ ಒಂದು ಸಾಲು ಇರಲಿ. ಚಳಿಗಾಲದಲ್ಲಿ ವಿಸಿಟ್ ವೀಸಾದ ಮೇಲೆ ಬರುವ ನಮ್ಮ ತಾಯಂದಿರಲ್ಲಿ ಸೋಬಾನೆ ಪದ ಬಲ್ಲವರಿದ್ದಾರೆ. ಅವರು ಊರಿಗೆ ಮರಳುವ ಮೊದಲೇ ಹಾಡಿಸಿ, ಮುದ್ರಿಸಿ; ಹೆಸರು, ಊರು, ತಾರೀಖು ಬರೆದಿಡಿ. ನಾಳೆ ಮೊಮ್ಮಕ್ಕಳು ತಮ್ಮದೇ ದನಿಯಲ್ಲಿ ಹಾಡಲಿ. ತಾಳೆ ನೋಡಲು ಅಜ್ಜಿಯ ದನಿ ಇರಲಿ.