ಜೋಳ ಮತ್ತು ಅರಳೆ: ಒಂದೇ ಸಕ್ಕರೆಯ ಎರಡು ಕಟ್ಟು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹಾದಿಯಲ್ಲಿ ರಾಯಾಪುರ ಸಿಗುತ್ತದೆ. ಅಲ್ಲಿಂದ ಮೂಡಲಿಗೆ, ಅಣ್ಣಿಗೇರಿ ನವಲಗುಂದಗಳ ಕಡೆಗೆ ಹೊರಟರೆ ಎರೆಭೂಮಿ ಹರಡಿಕೊಂಡಿದೆ. ಆ ಕರಿಯ ಮಣ್ಣು ತಲೆಮಾರುಗಳಿಂದ ನಮಗೆ ಜೋಳವನ್ನೂ ಹತ್ತಿಯನ್ನೂ ಕೊಡುತ್ತ ಬಂದಿದೆ. ಒಂದು ಹೊಟ್ಟೆಗೆ, ಇನ್ನೊಂದು ಮೈಗೆ. ಜೋಳವನ್ನು ಉಡುವವರಿಲ್ಲ, ಅರಳೆಯನ್ನು ಉಣ್ಣುವವರಿಲ್ಲ. ಆದರೆ ಇವೆರಡನ್ನೂ ರಸಾಯನಶಾಸ್ತ್ರಜ್ಞನ ಮುಂದಿಟ್ಟು, ಇವು ಏತರಿಂದ ಆದವು ಎಂದು ಕೇಳಿದರೆ, ಆತ ಕೊಡುವ ಉತ್ತರ ಸೋಜಿಗದ್ದು. ಜೋಳದ ಹಿಟ್ಟಿನ ಬಹುಭಾಗವಾದ ಪಿಷ್ಟವೂ, ಅರಳೆಯ ಎಳೆಯಲ್ಲಿರುವ ಸೆಲ್ಯುಲೋಸ್ ಎಂಬ ವಸ್ತುವೂ ಒಂದೇ ಸಕ್ಕರೆಯಿಂದ ಕಟ್ಟಿದವು. ಆ ಸಕ್ಕರೆಯೇ ಗ್ಲೂಕೋಸ್.

ಗ್ಲೂಕೋಸಿನ ಒಂದು ಅಣುವಿನಲ್ಲಿ ಇಂಗಾಲದ 6, ಜಲಜನಕದ 12, ಆಮ್ಲಜನಕದ 6 ಪರಮಾಣುಗಳಿವೆ. ಗಾಳಿಯ ಇಂಗಾಲಾಮ್ಲವನ್ನೂ ಬೇರಿನ ನೀರನ್ನೂ ಬಿಸಿಲಿನ ಬಲದಿಂದ ಕೂಡಿಸಿ ಎಲೆಗಳು ಇದನ್ನು ತಯಾರಿಸುತ್ತವೆ. ಬಳಿಕ ಗಿಡವು ಇಂಥ ನೂರಾರು, ಸಾವಿರಾರು ಅಣುಗಳನ್ನು ಒಂದಕ್ಕೊಂದು ಪೋಣಿಸುತ್ತದೆ. ಪಿಷ್ಟವನ್ನೂ ಸೆಲ್ಯುಲೋಸನ್ನೂ ಒಡೆದು ಪರಮಾಣುಗಳ ಲೆಕ್ಕ ಹಾಕಿದರೆ ಎರಡರ ಪ್ರಮಾಣವೂ ಒಂದೇ. ಹಾಗಾದರೆ ಗುಣದಲ್ಲಿ ಇಷ್ಟೊಂದು ಅಂತರವೇಕೆ? ಪೋಣಿಸಿದ ರೀತಿ ಬೇರೆ, ಅಷ್ಟೇ ಕಾರಣ.

ಮಲ್ಲಿಗೆಯ ಮಾಲೆ ಕಟ್ಟುವುದನ್ನು ನೀವು ನೋಡಿದ್ದೀರಿ. ಒಂದು ಹೂವು ಈ ಬದಿಗೆ, ಮುಂದಿನದು ಆ ಬದಿಗೆ ಬರುವಂತೆ ಕಟ್ಟಿದರೆ ಮಾಲೆ ನೆಟ್ಟಗಿರುತ್ತದೆ. ಎಲ್ಲ ಹೂಗಳನ್ನೂ ಒಂದೇ ಬದಿಗೆ ಕಟ್ಟಿದರೆ ಮಾಲೆ ಬಾಗಿ ಸುರುಳಿಗೊಳ್ಳುತ್ತದೆ. ಗ್ಲೂಕೋಸಿನ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ಪಿಷ್ಟದಲ್ಲಿ ಅಣುಗಳೆಲ್ಲ ಒಂದೇ ಮಗ್ಗುಲಾಗಿ ಸೇರುತ್ತವೆ. ಸರಪಳಿ ಸಿಂಬೆಯಂತೆ ಸುತ್ತಿಕೊಳ್ಳುತ್ತದೆ, ಹಲವೆಡೆ ಕವಲೊಡೆಯುವುದೂ ಉಂಟು. ಸೆಲ್ಯುಲೋಸಿನಲ್ಲಿ ಒಂದು ಬಿಟ್ಟು ಒಂದು ಅಣು ಮಗುಚಿಕೊಂಡಿರುತ್ತದೆ. ಆದುದರಿಂದ ಸರಪಳಿ ನೇರವಾಗಿ ಚಾಚಿಕೊಳ್ಳುತ್ತದೆ.

ನೇರವಾದ ಸರಪಳಿಗಳು ಒಂದರ ಪಕ್ಕಕ್ಕೊಂದು ಒತ್ತಾಗಿ ಮಲಗಬಲ್ಲವು. ಪ್ರತಿಯೊಂದು ಗ್ಲೂಕೋಸಿನಲ್ಲಿಯೂ ಆಮ್ಲಜನಕ, ಜಲಜನಕಗಳು ಕೂಡಿದ ಚಿಕ್ಕ ಕೈಗಳಿವೆ. ಇವನ್ನು ಹೈಡ್ರಾಕ್ಸಿಲ್ ಗುಂಪುಗಳೆನ್ನುತ್ತಾರೆ. ಪಕ್ಕದ ಸರಪಳಿಯ ಕೈಗಳನ್ನು ಇವು ಹಿಡಿದುಕೊಳ್ಳುತ್ತವೆ. ಒಂದೊಂದು ಹಿಡಿತವೂ ದುರ್ಬಲ. ಆದರೆ ಸಾವಿರಾರು ಸೇರಿದಾಗ, ಬಿಡಿ ನಾರು ಹುರಿಗೊಂಡು ಹಗ್ಗವಾದಂತೆ, ಬಲ ಬರುತ್ತದೆ. ಇದರಿಂದಲೇ ಅಗಸರು ಧೋತರವನ್ನು ಕುದಿಸಿದರೂ ಅದು ಕರಗಿ ಗಂಜಿಯಾಗುವುದಿಲ್ಲ. ಅರಳೆಯ ಎಳೆ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುವುದರಿಂದ ಕಲ್ಲಿನ ಮೇಲಿನ ಬಡಿತವನ್ನೂ ತಾಳಿಕೊಳ್ಳುತ್ತದೆ.

ಪಿಷ್ಟದ ಸಡಿಲ ಸುರುಳಿಗಳಿಗೆ ಈ ಬಿಗಿ ಇಲ್ಲ. ಬಿಸಿನೀರು ಒಳನುಗ್ಗಿದರೆ ಅವು ಬಿಚ್ಚಿಕೊಂಡು, ಉಬ್ಬಿ, ಜಿಗುಟಾಗುತ್ತವೆ. ನಮ್ಮ ತಾಯಂದಿರು ಶಾಸ್ತ್ರ ಓದದೆಯೇ ಇದನ್ನು ಬಲ್ಲರು. ಗೋಧಿಯ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೂ ಬರುತ್ತದೆ; ಅದರಲ್ಲಿರುವ ಗ್ಲುಟೆನ್ ಹಿಟ್ಟನ್ನು ಹಿಡಿದಿಡುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು. ಆಗ ಪಿಷ್ಟವೇ ಅಂಟಾಗಿ, ರೊಟ್ಟಿ ಬಡಿಯುವಾಗ ಅಂಚು ಬಿರಿಯದಂತೆ ಕಾಯುತ್ತದೆ. ಹಂಚಿನಿಂದ ಇಳಿಸಿದಾಗ ಮೆತ್ತಗಿದ್ದ ರೊಟ್ಟಿ ಮರುದಿನ ಬಿರುಸಾಗುವುದಕ್ಕೆ ಅದು ಆರಿ ಒಣಗಿದ್ದೊಂದೇ ಕಾರಣವಲ್ಲ. ಬಿಚ್ಚಿಕೊಂಡಿದ್ದ ಸರಪಳಿಗಳು ನೀರನ್ನು ಬಿಟ್ಟು ಮತ್ತೆ ಒಂದರ ಹತ್ತಿರಕ್ಕೊಂದು ಸರಿಯುತ್ತವೆ.

ಇನ್ನು ಊಟದ ಮಾತು. ರೊಟ್ಟಿಯ ತುಣುಕನ್ನು ಬಹಳ ಹೊತ್ತು ಅಗಿದರೆ ತುಸು ಸಿಹಿಯೆನಿಸುತ್ತದೆ. ಜೊಲ್ಲಿನಲ್ಲಿರುವ ಕಿಣ್ವವು ಪಿಷ್ಟದ ಕೊಂಡಿಗಳನ್ನು ಕಳಚಿ ಸಕ್ಕರೆಯನ್ನು ಬಿಡಿಸುತ್ತದೆ. ಕಿಣ್ವವೆಂದರೆ ಒಂದು ಬಗೆಯ ಬೀಗದ ಕೈ. ಪಿಷ್ಟದ ಬೀಗಕ್ಕೆ ಹೊಂದುವ ಕೈ ನಮ್ಮಲ್ಲಿದೆ, ಸೆಲ್ಯುಲೋಸಿನದು ಇಲ್ಲ. ಬರಗಾಲದಲ್ಲಿ ತೆನೆ ಕಾಳು ಕಟ್ಟದೆ ಹೋದರೂ ಹೊಲದಲ್ಲಿ ಕಣಿಕೆ ನಿಂತಿರುತ್ತದೆ. ಅದರ ತುಂಬ ಅದೇ ಗ್ಲೂಕೋಸ್. ಆದರೂ ಬಣವೆಯ ಪಕ್ಕದಲ್ಲಿ ಮನುಷ್ಯ ಹಸಿದೇ ಇರಬೇಕು. ಎತ್ತು ಹಸುಗಳ ಹೊಟ್ಟೆಯಲ್ಲಾದರೋ ಆ ಬೀಗವನ್ನು ತೆಗೆಯುವ ಸೂಕ್ಷ್ಮಜೀವಿಗಳು ಮನೆಮಾಡಿಕೊಂಡಿವೆ. ನಾವು ಉಣ್ಣಲಾರದ ಕಣಿಕೆ ಹೀಗೆ ಹಾಲಾಗುತ್ತದೆ, ನೇಗಿಲೆಳೆಯುವ ಬಲವಾಗುತ್ತದೆ.

ಈ ಎರಡೂ ಕಥೆಗಳಲ್ಲಿ ಬರುವ ಒಬ್ಬ ವಿಜ್ಞಾನಿ ಫ್ರಾನ್ಸ್ ದೇಶದ ಆನ್ಸೆಲ್ಮ್ ಪಾಯೆನ್. 1833ರಲ್ಲಿ ಪೆರ್ಸೋ ಎಂಬುವರೊಡನೆ ಮೊಳಕೆ ಬರಿಸಿದ ಧಾನ್ಯದಿಂದ ಪಿಷ್ಟವನ್ನೊಡೆಯುವ ಕಿಣ್ವವನ್ನು ಬೇರ್ಪಡಿಸಿದವರು ಇವರು. 1838ರಲ್ಲಿ ಸೆಲ್ಯುಲೋಸನ್ನು ಗುರುತಿಸಿದವರೂ ಇವರೇ. ಇಂಥ ವಸ್ತುಗಳು ಉದ್ದನೆಯ ಸರಪಳಿಯ ಅಣುಗಳೆಂದು 1920ರಲ್ಲಿ ಜರ್ಮನಿಯ ಹೆರ್ಮನ್ ಸ್ಟೌಡಿಂಗರ್ ವಾದಿಸಿದಾಗ ಹಲವರು ನಂಬಲಿಲ್ಲ. 1953ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಕೃಷಿಯ ಉಳಿಕೆಯಲ್ಲಿರುವ ಸೆಲ್ಯುಲೋಸಿನ ಬೀಗವನ್ನು ಕಾರಖಾನೆಯಲ್ಲಿಯೇ ತೆಗೆಯುವ ಯತ್ನ ಈಗ ನಡೆದಿದೆ. ಭತ್ತದ ಹುಲ್ಲಿನಿಂದ ಎಥನಾಲ್ ತೆಗೆಯುವ ಕಾರಖಾನೆಯೊಂದು 2022ರಲ್ಲಿ ಪಾಣಿಪತ್ತದಲ್ಲಿ ಉದ್ಘಾಟನೆಯಾಯಿತು.

ಬಟ್ಟೆಯ ವಿಷಯದಲ್ಲಿಯೂ ಅಣುವಿನ ರಚನೆಯೇ ತೀರ್ಪು ಹೇಳುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಖಾದಿಯ ರಾಷ್ಟ್ರಧ್ವಜಕ್ಕೆ ಹೆಸರಾಗಿದೆ. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆ ತಿದ್ದುಪಡಿಯಾಗಿ, ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶವಾಯಿತು. ಎರಡು ಬಟ್ಟೆಗಳ ನಡತೆ ಬೇರೆ ಬೇರೆ. ಅರಳೆಯ ಬಿಗಿಯಾದ ಕಂತೆಗಳೊಳಗೆ ನೀರು ಹೋಗದಿದ್ದರೂ, ಕಂತೆಗಳ ನಡುವಣ ಸಡಿಲ ಎಡೆಗಳಲ್ಲಿ ಹೈಡ್ರಾಕ್ಸಿಲಿನ ಕೈಗಳು ಅದನ್ನು ಹಿಡಿದುಕೊಳ್ಳುತ್ತವೆ. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಅರಳೆ 7-8 ಗ್ರಾಂನಷ್ಟು ತೇವವನ್ನು ಹೀರುತ್ತದೆ. ಪಾಲಿಯೆಸ್ಟರಿನಲ್ಲಿ ಅಂಥ ಕೈಗಳು ಇಲ್ಲವೆನ್ನುವಷ್ಟು ಕಡಿಮೆ. ಅದು ಅರ್ಧ ಗ್ರಾಂ ಕೂಡ ಹೀರದು. ಅದಕ್ಕೇ ಬೇಸಗೆಯಲ್ಲಿ ಅರಳೆಯ ಅಂಗಿ ಹಿತ, ಮಳೆಗಾಲದಲ್ಲಿ ಪಾಲಿಯೆಸ್ಟರ್ ಬೇಗ ಒಣಗುತ್ತದೆ. ಮಣ್ಣಿಗೆ ಬಿದ್ದ ಅರಳೆಯ ಚಿಂದಿಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಪಾಲಿಯೆಸ್ಟರಿನ ಚಿಂದಿ ಬಹುಕಾಲ ಉಳಿಯುತ್ತದೆ.

ಇಷ್ಟನ್ನೂ ಕೇಳಿ ನಂಬಬೇಕಾಗಿಲ್ಲ, ಮನೆಯಲ್ಲಿ ಪರೀಕ್ಷಿಸಬಹುದು. ಗಾಯಕ್ಕೆ ಹಚ್ಚುವ ಅಯೋಡಿನ್ನಿಗೆ ನೀರು ಬೆರೆಸಿ, ಒಂದು ಹನಿಯನ್ನು ರೊಟ್ಟಿಯ ತುಣುಕಿನ ಮೇಲೆ, ಇನ್ನೊಂದನ್ನು ಶುಭ್ರವಾದ ಅರಳೆಯ ಮೇಲೆ ಹಾಕಿರಿ. ರೊಟ್ಟಿ ಕಡುನೀಲಿಯಾಗುತ್ತದೆ, ಪಿಷ್ಟದ ಸುರುಳಿಯ ಪೊಳ್ಳಿನಲ್ಲಿ ಅಯೋಡಿನ್ ಸಾಲಾಗಿ ಕುಳಿತುಕೊಳ್ಳುವುದೇ ಇದಕ್ಕೆ ಕಾರಣ. ಅರಳೆಯ ಮೇಲೆ ಬರಿಯ ಕಂದು ಕಲೆ ಉಳಿಯುತ್ತದೆ. ನೇರವಾದ ಸರಪಳಿಯಲ್ಲಿ ಪೊಳ್ಳೆಲ್ಲಿಯದು? ಆದರೆ ಗಂಜಿ ಹಾಕಿದ ಬಟ್ಟೆಯ ತುಂಡನ್ನು ಮಾತ್ರ ಆರಿಸಿಕೊಳ್ಳಬೇಡಿರಿ. ಅದೂ ನೀಲಿಯಾಗಿ, ಅರಳೆಯ ಮೇಲೆ ಪಿಷ್ಟ ಕುಳಿತಿರುವ ಗುಟ್ಟನ್ನು ಹೊರಹಾಕುತ್ತದೆ.